ಕೂಗಿದ ಜಾಗ

ಹಲ್ಲುಜ್ಜುವಾಗಲೇ ಫ್ರೆಡ್ರಿಕ್‌ಗೆ ಗಂಟಲು ಕಟ್ಟಿದೆ ಅನ್ನಿಸಿತು. ಬಚ್ಚಲಿನ ಕನ್ನಡಿಯ ಮುಂದೆ ಬಾಯಿ ಅಗಲಿಸಿ, ನಾಲಗೆ ಹೊರಹಾಕಿ, ದೀಪದ ಕಡೆ ವಾಲಿ ನೋಡಿದ. ಕೆಂಪಾಗಿರಲಿಲ್ಲ, ಊದಿಕೊಂಡಿರಲಿಲ್ಲ. ಆಫೀಸಿನಲ್ಲಿ ದಿನವಿಡೀ ‘ಯೆಸ್ ಸರ್’ ಅನ್ನುವುದಕ್ಕೆ ಸಾಕಾಗುವ ಗಂಟಲು, ಅದಕ್ಕೇನೂ ಆಗಿರಲಿಲ್ಲ. ಕೊಂಚ ಜ್ವರವಾದರೂ ಬಂದಿದ್ದರೆ ಹೊರಡುವುದನ್ನು ಮುಂದಿನ ಶುಕ್ರವಾರಕ್ಕೆ ತಳ್ಳಬಹುದಿತ್ತು. ಮುಂದಿನ ಶುಕ್ರವಾರದ ಹೊತ್ತಿಗೆ ಆಚುಮ್ಮನ ವಿಸಿಟ್ ವೀಸಾ ಮುಗಿದು ಆಕೆ ಊರಿಗೆ ಮರಳಿರುತ್ತಿದ್ದಳು. ಇಂಥ ಲೆಕ್ಕಾಚಾರ ಹೊಳೆದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಗಿ ಅವನು ಬಾಯಿ ಮುಚ್ಚಿ ಮುಖ ತೊಳೆದುಕೊಂಡ. ಹೊರಗೆ ಸೂಸನ್ ಇಗರ್ಜಿಯ ಶುಕ್ರವಾರದ ಪೂಜೆಗೆ ಸೀರೆ ಉಟ್ಟು ಸಿದ್ಧಳಾಗಿದ್ದಳು. ಕೊಲ್ಲಿಯ ಈ ದೇಶದಲ್ಲಿ ದೇವರಿಗೂ ರಜೆ ಸಿಗುವುದು ಶುಕ್ರವಾರವೇ. “ಮುಖ ಹಾಗೆ ಮಾಡ್ಬೇಡಿ,” ಅಂದಳು. “ಆ ಹೆಂಗಸು ಅಷ್ಟು ದೂರದಿಂದ ಬಂದದ್ದೇ ಇದಕ್ಕೆ. ಜಾಗ ತೋರಿಸ್ಲಿಕ್ಕೆ ನಿಮ್ಮನ್ನು ಬಿಟ್ರೆ ಬೇರೆ ಯಾರಿದ್ದಾರೆ?” ಯಾರೂ ಇರಲಿಲ್ಲ. ಹೋದ ವರ್ಷ ಕಾರು ಓಡಿಸಿದ ಪಾಯಸ್ ಕೆಲಸ ಬಿಟ್ಟು ಊರು ಸೇರಿದ್ದ. ಸೂಸನ್‌ಗೆ ಸೂಪರ್ ಮಾರ್ಕೆಟ್ಟಿನ ದಾರಿ ಬಿಟ್ಟರೆ ಇನ್ನೊಂದು ದಾರಿ ಗೊತ್ತಿಲ್ಲ. ಮಗಳು ಫಿಯೋನಾಳನ್ನು ಕೇಳುವ ಹಾಗಿಲ್ಲ. ಆ ದಿನದ ಮಾತೆತ್ತಿದರೆ ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಕೆಳಗೆ ಅಬೂಬಕ್ಕರ್ ಜೀಪು ನಿಲ್ಲಿಸಿಕೊಂಡಿದ್ದ. ಫಿಂಟಾಸ್‌ನ ಈ ಕಟ್ಟಡದ ಕೆಳಗಿನ ದಿನಸಿ ಅಂಗಡಿ ಅವನದು; ಕಾಗದದ ಮೇಲೆ ಮಾತ್ರ ಅವನ ವೀಸಾಕ್ಕೆ ಹೊಣೆ ನಿಂತ ಅರಬ, ಕಫೀಲ್ ಮುಹಮ್ಮದ್‌ನದು. ಜೀಪೂ ಮುಹಮ್ಮದ್‌ನದೇ, ಮರುಭೂಮಿಯ ಡೇರೆಗೆ ಸಾಮಾನು ಹೊರುವ ಹಳೆಯ ಗಾಡಿ. ಸೀಟಿಗೆಲ್ಲ ಕುರಿಯ ವಾಸನೆ ಹಿಡಿದಿತ್ತು. ಹಿಂದಿನ ಸೀಟಿನಲ್ಲಿ ಆಚುಮ್ಮ, ಅಬೂಬಕ್ಕರ್‌ನ ತಾಯಿ, ಸತ್ತ ಶಫೀಕ್‌ನ ತಾಯಿ. ಕರಿಯ ಬುರ್ಖಾದ ಒಳಗೆ ತಲೆಗೆ ಕಟ್ಟಿದ ಬಿಳಿಯ ಬಟ್ಟೆ ಕಾಣುತ್ತಿತ್ತು. ಫ್ರೆಡ್ರಿಕ್‌ನನ್ನು ನೋಡಿದ್ದೇ ಆಕೆ ಸೀಟಿನಿಂದ ಅರ್ಧ ಏಳಲು ಹೋದಳು. “ಬನ್ನಿ ಪೊರ್ಬುಗಳೇ,” ಅಂದಳು ತುಳುವಿನಲ್ಲಿ. ಊರಿನ ಕಡೆ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಆ ಮಾತನ್ನು ಅವನು ಕೇಳಿ ಎಷ್ಟೋ ವರ್ಷವಾಗಿತ್ತು. “ನಿಮಗೆ ತುಂಬ ತೊಂದರೆ ಕೊಟ್ಟೆ. ದೇವರು ನಿಮ್ಮ ಮಕ್ಕಳನ್ನು ಚೆನ್ನಾಗಿ ಇಡಲಿ.” ಅವನು ಏನೋ ಗೊಣಗಿದ. ಆಕೆಗೆ ಕೇಳಲಿಲ್ಲ. “ಉಮ್ಮನ ಎಡಗಿವಿ ಪೂರ್ತಿ ಹೋಗಿದೆ ಫ್ರೆಡ್ಡಿಯಣ್ಣ,” ಅಬೂಬಕ್ಕರ್ ಗೇರು ಹಾಕುತ್ತ ಅಂದ, “ಬಲದ್ದು ಅರ್ಧ. ಸ್ವಲ್ಪ ದೊಡ್ಡದು ಮಾಡಿ ಮಾತಾಡಿ. ಜುಮ್ಮಾ ನಮಾಜಿನ ಒಳಗೆ ವಾಪಸ್ ಬರುವ, ಆಗ್ತದಲ್ಲ?”

ಪಟ್ಟಣ ದಾಟಿ ಗಡಿಯ ಕಡೆಗಿನ ಸಾಲ್ಮಿ ರಸ್ತೆ ಹಿಡಿದ ಮೇಲೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಮೊದಲು ಡೇರೆಗಳು, ಜನರೇಟರುಗಳು, ಮುಳ್ಳುಗಿಡಕ್ಕೆ ಸಿಕ್ಕಿ ಪಟಪಟ ಹೊಡೆದುಕೊಳ್ಳುವ ಪ್ಲಾಸ್ಟಿಕ್ ಚೀಲಗಳು. ಆಮೇಲೆ ಅವೂ ಇಲ್ಲ. ಸಪಾಟು ನೆಲ ಅಂದುಕೊಂಡರೆ ಅಲ್ಲ, ರಸ್ತೆ ಗೊತ್ತೇ ಆಗದ ಹಾಗೆ ಏರುತ್ತಲೇ ಹೋಗುತ್ತದೆ. ಸಮುದ್ರದ ಮಟ್ಟದಲ್ಲಿ ಬದುಕುವ ಈ ದೇಶಕ್ಕೆ ಎತ್ತರ ಅನ್ನುವುದು ಇದ್ದರೆ ಇಲ್ಲಿಯೇ, ಎರಡು ಗಡಿಗಳು ಹತ್ತಿರವಾಗುವ ಈ ಮೂಲೆಯಲ್ಲಿ. ಏರಿದ್ದು ಗೊತ್ತಾಗುವುದು ಚಳಿಯಿಂದ. ಫೆಬ್ರವರಿಯ ಗಾಳಿ ಕಿಟಕಿಯ ಸಂದಿನಿಂದ ಒಳಗೆ ಬಂದು ಮೊಣಕಾಲು ಕೊರೆಯುತ್ತಿತ್ತು. ಆಚುಮ್ಮ ಎರಡು ಸೀಟುಗಳ ನಡುವೆ ತನ್ನ ಬಲಗಿವಿ ತೂರಿಸಿ ಕೂತಿದ್ದಳು. ಕಿವಿ ಕೇಳದವರು ಮುಖ ನೋಡುತ್ತಾರೆ. ಆಕೆ ತನ್ನ ಮುಖವನ್ನೇ ನೋಡುತ್ತಿದ್ದಾಳೆ ಎಂದು ಫ್ರೆಡ್ರಿಕ್‌ಗೆ ತಿರುಗದೆಯೇ ಗೊತ್ತಾಗುತ್ತಿತ್ತು. ಕಬರಸ್ತಾನಕ್ಕೂ ಹೋಗಿದ್ದಳಂತೆ, ಹೆಂಗಸರನ್ನು ಒಳಗೆ ಬಿಡದ್ದರಿಂದ ಗೋಡೆಯ ಹೊರಗೆ ಕಾರಿನಲ್ಲೇ ಕೂತು ದುಆ ಮಾಡಿ ಬಂದಳಂತೆ. ಅಷ್ಟು ಆಕೆಗೆ ಸಾಲದು. “ಮಣ್ಣು ಮಾಡಿದ ಜಾಗ ಎಲ್ಲರಿಗೂ ಒಂದೇ,” ಅಂದಳು. “ಅವನ ಕಾಲು ಕೊನೆಗೆ ನಿಂತ ಜಾಗ ನೋಡಬೇಕು ನನಗೆ.” ಸ್ವಲ್ಪ ಹೊತ್ತು ಬಿಟ್ಟು, ಫ್ರೆಡ್ರಿಕ್ ಯಾವುದಕ್ಕೆ ಹೆದರಿ ಬೆಳಗಿನಿಂದ ಗಂಟಲು ಸವರಿಕೊಳ್ಳುತ್ತಿದ್ದನೋ ಅದನ್ನೇ ಕೇಳಿದಳು. “ನೀವು ಏನಂತ ಕೂಗಿದ್ದು, ಪೊರ್ಬುಗಳೇ?”

“ಶಫೀಕ್ ಅಂತ,” ಅಂದ.

“ಹಾಂ?”

“ಶಫೀಕ್ ಅಂತ ಕೂಗಿದೆ!” ಈ ಸಲ ದೊಡ್ಡದಾಗಿ ಹೇಳಬೇಕಾಯಿತು. “ಮುಟ್ಟಬೇಡ ಅಂತಲೂ ಕೂಗಿದೆ. ಗಾಳಿ ಇತ್ತಲ್ಲ ಉಮ್ಮ. ಅವನಿಗೆ ಕೇಳಲಿಲ್ಲ.”

ಆಕೆ ತಲೆ ಅಲ್ಲಾಡಿಸಿದಳು. “ಹೆಸರಾದರೂ ಕೇಳಿರಬಹುದು,” ಅಂದಳು ಆಮೇಲೆ. “ಯಾರೋ ನಮ್ಮವರು ಹೆಸರು ಹಿಡಿದು ಕರೆದರು ಅಂತ ಗೊತ್ತಾಗಿ ಹೋದ. ಅಷ್ಟು ನನಗೆ ಸಾಕು. ಒಂದು ವರ್ಷದಿಂದ ನಾನು ಅದೊಂದರಲ್ಲೇ ಮಲಗುವುದು, ಏಳುವುದು.” ಅಬೂಬಕ್ಕರ್ ರಸ್ತೆಯಿಂದ ಕಣ್ಣು ತೆಗೆಯದೆ ಬಲಗೈ ಚಾಚಿ ಫ್ರೆಡ್ರಿಕ್‌ನ ಭುಜ ಒಮ್ಮೆ ಒತ್ತಿದ. ಆ ಕೈಯನ್ನು ತಳ್ಳಿಬಿಡಬೇಕು ಅನ್ನಿಸಿತು ಫ್ರೆಡ್ರಿಕ್‌ಗೆ, ಹಾಗೆಯೇ ಆ ಕೈ ಇನ್ನಷ್ಟು ಹೊತ್ತು ಅಲ್ಲೇ ಇರಲಿ ಅಂತಲೂ ಅನ್ನಿಸಿತು.

ಹೋದ ವರ್ಷ ಇದೇ ರಸ್ತೆಯಲ್ಲಿ ಪಾಯಸ್‌ನ ಕಾರಿನಲ್ಲಿ ಮನೆಯವರೆಲ್ಲ, ಶಫೀಕ್ ಕೂಡ, ಹಾಡು ಹೇಳಿಕೊಂಡು ಬಂದಿದ್ದರು. ಅದರ ಹಿಂದಿನ ವಾರ ಗುಡುಗು ಸಹಿತ ಮಳೆ ಬಿದ್ದಿತ್ತು. ಗುಡುಗಿದರೆ ಮರಳಿನ ಅಡಿಯಲ್ಲಿ ಫಗಾ ಏಳುತ್ತದೆ ಎಂದು ಇಲ್ಲಿಯವರು ಹೇಳುತ್ತಾರೆ. ಉರುಟಾದ, ಮಣ್ಣು ಮೆತ್ತಿದ, ಕೊಯ್ದರೆ ಒಳಗೆ ಬಿಳಿಯಾದ ಒಂದು ಅಣಬೆ. ಡೇರೆ ಹಾಕಿ ಕೂತು ಜನ ಅದನ್ನು ಹುಡುಕುತ್ತಾರೆ. ಗುಡುಗು ಎಂದದ್ದೇ ತಡ, ಮಂಗಳೂರಿನ ಕಡೆಯವರಿಗೆಲ್ಲ ಕಲ್ಲಣಬೆಯ ಹುಚ್ಚು ಹಿಡಿಯಿತು. ಊರಿನ ಮುರಕಲ್ಲು ಗುಡ್ಡೆಗಳಲ್ಲಿ ಮೊದಲ ಗುಡುಗಿಗೆ ಏಳುವ ಕಲ್ಲಣಬೆ, ತೆಂಗಿನಕಾಯಿ ಅರೆದು ಹಾಕಿದ ಅದರ ಸುಕ್ಕ, ಹಲ್ಲಿಗೆ ಸಿಕ್ಕಿ ಕಟಕ್ಕೆನ್ನುವ ಅದರ ಸಿಪ್ಪೆ. ಇದು ಅದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ಅದನ್ನು ಫಗಾ ಅನ್ನಲಿಲ್ಲ. ಅಣ್ಣನ ಅಂಗಡಿಯಿಂದ ನೀರಿನ ಕ್ಯಾನು ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಶಫೀಕ್‌ನನ್ನು ಫ್ರೆಡ್ರಿಕ್‌ನೇ ಕರೆದ. “ಬಾ ಮಾರಾಯ ನೀನೂ. ಕಲ್ಲಣಬೆ ಗುರುತು ಹಿಡಿಯುವವನು ಒಬ್ಬ ಬೇಕು ನಮಗೆ.” ಅಣ್ಣ ಒಬ್ಬನೇ ಅಂಗಡಿ ನೋಡಿಕೊಂಡ, ತಮ್ಮ ಬಂದ. ಮಳೆ ಬಿದ್ದ ನೆಲದಲ್ಲಿ ಬಿರುಕು ನೋಡಿ, ಅಲ್ಲಿ ಬೆರಳು ಊರಿ, ಉರುಟು ಉರುಟಾದದ್ದನ್ನು ಎಬ್ಬಿಸಿ ತೆಗೆಯುವುದು ಅವನಿಗೆ ಆಟವಿದ್ದ ಹಾಗೆ.

“ಅವನಿಗೆ ನಾನೇ ಕಲಿಸಿದ್ದು,” ಹಿಂದಿನಿಂದ ಆಚುಮ್ಮ ಅಂದಳು, ಅವನ ಯೋಚನೆ ಓದಿದವಳ ಹಾಗೆ. “ಮುಡಿಪಿನ ಗುಡ್ಡೆಯಲ್ಲಿ ಕಲ್ಲಣಬೆ ಹೆಕ್ಕಿ ಮಾರಿಯೇ ನಾನು ಮಕ್ಕಳಿಗೆ ಶಾಲೆಯ ಕೊಡೆ ತೆಗೆದುಕೊಟ್ಟದ್ದು. ಬಿರುಕು ಕಂಡರೆ ಬಿಡಬೇಡ, ಕೈ ಹಾಕು ಅಂತ ನಾನೇ ಹೇಳಿಕೊಟ್ಟದ್ದು. ನಾನು ಕಲಿಸದೆ ಇದ್ದಿದ್ದರೆ ಅವನು ಕೈ ಹಾಕುತ್ತಿದ್ದನಾ, ಪೊರ್ಬುಗಳೇ?” ಆಕೆ ಉತ್ತರಕ್ಕೆ ಕಾದಳು. ಒಂದು ಮಾತು ಹೇಳಿದ್ದರೆ ಆಕೆಯ ಎದೆಯ ಕಲ್ಲು ಇಳಿಯುತ್ತಿತ್ತು. ಆದರೆ ಆ ಒಂದು ಮಾತು ಹೇಳಿದರೆ ಅದರ ಹಿಂದಿನ ಮಾತೂ ಎಳೆದುಕೊಂಡು ಬರುತ್ತಿತ್ತು. “ಹಾಗೆಲ್ಲ ಹೇಳಬಾರದು ಉಮ್ಮ,” ಎಂದ ಫ್ರೆಡ್ರಿಕ್, ಕೇಳದಷ್ಟು ಸಣ್ಣದಾಗಿ.

ಆ ದಿನ ಮೊದಲು ಕೂಗಿದ್ದು ನಿಜ. ಕಾರಿನಿಂದ ಇಳಿದು ಸ್ವಲ್ಪವೇ ದೂರ ಹೋಗಿದ್ದರು, ಮರಳಿನಲ್ಲಿ ಏನೋ ಲೋಹದ ಹೊಳಪು ಕಂಡಿತು. ಕೊಲ್ಲಿ ಯುದ್ಧ ಮುಗಿದು ಏಳೆಂಟು ವರ್ಷವಾದರೂ ಮರಳಿನಲ್ಲಿ ಏನೇನು ಉಳಿದಿದೆಯೋ ಎಂಬ ಭಯ ಹೊರಟಾಗಿನಿಂದ ಅವನಿಗಿತ್ತು. “ಬಾಂಬ್! ಯಾರೂ ಮುಟ್ಟಬೇಡಿ! ಹಿಂದೆ ಹೋಗಿ!” ಎಂದು ಕಿರುಚಿ, ಎರಡೂ ಕೈ ಅಗಲಿಸಿ, ಹೆಂಡತಿಯನ್ನೂ ಮಗಳನ್ನೂ ತಳ್ಳಿದ. ಫಿಯೋನಾ ಬಿದ್ದೇ ಬಿಟ್ಟಳು. ಶಫೀಕ್ ಬಗ್ಗಿ ನೋಡಿ ಅದನ್ನು ಎತ್ತಿ ಹಿಡಿದ. ಟೂನಾ ಮೀನಿನ ಡಬ್ಬಿಯ ಮುಚ್ಚಳ. ಎಲ್ಲರೂ ಒಟ್ಟಿಗೆ ನಕ್ಕರು. ಪಾಯಸ್ ಹೊಟ್ಟೆ ಹಿಡಿದುಕೊಂಡು ಕೂತ. “ಡ್ಯಾಡೀ, ಇಟ್ಸ್ ಓನ್ಲಿ ಟೂನಾ!” ಎಂದು ಫಿಯೋನಾ ಮರಳು ಕೊಡವಿಕೊಳ್ಳುತ್ತ ಕಿರುಚಿ, ಅವನದೇ ಧ್ವನಿಯಲ್ಲಿ ‘ಬಾಂಬ್, ಬಾಂಬ್’ ಎಂದು ಅಣಕಿಸಿದಳು. ಶಫೀಕ್ ಮುಚ್ಚಳವನ್ನು ಎದೆಗೆ ಹಿಡಿದು ಅವನಿಗೊಂದು ಸೆಲ್ಯೂಟ್ ಹೊಡೆದ. ಅದೆಲ್ಲ ಹೋಗಲಿ. ಸೂಸನ್ ನಕ್ಕಳು. ಅವನ ಕೂಗು ಎಷ್ಟು ಸಪೂರವಾಗಿತ್ತು, ಹೆಂಗಸರ ಕೂಗಿನ ಹಾಗೆ, ಅಂದಳು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ಅವನೂ ನಗೆಯ ಜೊತೆ ಸೇರಿಕೊಂಡ. ಮುಖದ ಮೇಲೆ ಆ ನಗೆಯನ್ನು ಹೊತ್ತುಕೊಂಡು ಗುಂಪಿನಿಂದ ದೂರ ನಡೆದ. ಕಿವಿಯ ತುದಿ ಉರಿಯುತ್ತಿತ್ತು.

“ಇನ್ನೂ ಎಷ್ಟು ದೂರ ಉಂಟು?” ಅಬೂಬಕ್ಕರ್ ಕೇಳಿದ. ಟಾರು ರಸ್ತೆ ಬಿಟ್ಟು ಗಾಡಿಗಳ ಚಕ್ರದ ಗುರುತು ಹಿಡಿದು ಹೋಗುತ್ತಿದ್ದರು. “ಚಕ್ರದ ಗುರುತು ಬಿಟ್ಟು ನಾನು ಆಚೆ ಈಚೆ ಹಾಕುವುದಿಲ್ಲ, ನೋಡಿ ಹೇಳಿ.” ಫ್ರೆಡ್ರಿಕ್ ನೋಡುತ್ತಿದ್ದ. ಎಲ್ಲ ಒಂದೇ ಥರದ ನೆಲ; ಜಾಗ ಮರೆತುಹೋಗಿದೆ ಎಂದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅಷ್ಟರಲ್ಲಿ ಬಲಗಡೆಗೆ, ಮಗುಚಿ ಬಿದ್ದು ತುಕ್ಕು ಹಿಡಿದ ಆ ನೀರಿನ ಟ್ಯಾಂಕರು ಬಂತು. ಅದರ ಹಿಂದೆ ಆಳೆತ್ತರದ ದಿಬ್ಬ. ದಿಬ್ಬದಾಚೆ ಸೈನ್ಯದವರು ಬಂದು ಜಾಗ ಶುದ್ಧ ಮಾಡಿ ನೆಟ್ಟು ಹೋದ ಕಬ್ಬಿಣದ ಕಂಬಗಳು, ಕೆಂಪು ಬಣ್ಣ ಅರ್ಧ ಹೋದವು. ಗಾಳಿಗೆ ದಿಬ್ಬದ ತುದಿಯಿಂದ ಮರಳು ಹಾರುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ಜೀಪು ಎಗರಿತು, ಇಳಿಯಿತು, ಮುಂದೆ ಹೋಯಿತು. ಕಣ್ಣು ಬಿಟ್ಟು, “ಇನ್ನೂ ಸ್ವಲ್ಪ ಮುಂದೆ,” ಅಂದ.

ಅಲ್ಲಿಯೇ, ಆ ದಿಬ್ಬದ ಆಚೆ, ಶಫೀಕ್ ಅವನ ಹಿಂದೆಯೇ ಬಂದಿದ್ದ. ಬೇಜಾರಾಗಿದೆ ಎಂದು ಗೊತ್ತಾಗಿ ಸಮಾಧಾನ ಮಾಡಲಿಕ್ಕೇ ಬಂದಿದ್ದನೇನೋ. “ಅಂಕಲ್, ನೋಡಿ ಇಲ್ಲಿ, ಎಷ್ಟು ದೊಡ್ಡ ಕಲ್ಲಣಬೆ!” ಎಂದ. ಮರಳಿನಿಂದ ಅರ್ಧ ಎದ್ದ ಒಂದು ಉರುಟು. ಮೂಸಂಬಿಯಷ್ಟು. ಫ್ರೆಡ್ರಿಕ್ ನೋಡಿದ. ಅದರ ನಡುವಿನಲ್ಲಿ ಸುತ್ತಲೂ ಒಂದು ಗೆರೆ ಇತ್ತು, ಯಾವ ಅಣಬೆಗೂ ಇಲ್ಲದ ಗೆರೆ, ಎರಡು ಅರ್ಧಗಳನ್ನು ಸೇರಿಸಿದ ಹಾಗೆ. ಅದು ಏನು ಎಂದು ಅವನಿಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ವರ್ಷವಿಡೀ ತನಗೇ ಹೇಳಿಕೊಂಡಿದ್ದಾನೆ, ಆದರೆ ಗೊತ್ತಾಗಿತ್ತು. ಕೂಗು ಗಂಟಲಿನವರೆಗೆ ಬಂತು. ಶಫೀಕ್ ತಲೆಯೆತ್ತಿ ಅವನನ್ನೇ ನೋಡುತ್ತಿದ್ದ. ನಗಲು ಸಿದ್ಧವಾದ ಅವನ ಬಿಳಿಯ ಹಲ್ಲು ಕಂಡಿತು. ಇನ್ನೊಂದು ಸಲ ಬೇಡ, ಅನ್ನಿಸಿತು ಫ್ರೆಡ್ರಿಕ್‌ಗೆ. ಇನ್ನೊಂದು ಟೂನಾ ಡಬ್ಬಿಯಾದರೆ ತಾನು ಈ ಜನರ ನಡುವೆ ತಲೆಯೆತ್ತುವ ಹಾಗಿಲ್ಲ. ಕೂಗನ್ನು ಉಗುಳಿನ ಜೊತೆ ನುಂಗಿದ. ಬಾಯಿ ಸುಮ್ಮನಾಯಿತು, ಕಾಲು ಸುಮ್ಮನಾಗಲಿಲ್ಲ. ಯಾರೂ ಹೇಳದೆಯೇ ಕಾಲು ತಿರುಗಿ, ದಿಬ್ಬದ ಈಚೆಗೆ ಅವನನ್ನು ತಂದು ನಿಲ್ಲಿಸಿತು. ಅವನನ್ನು ಯಾವತ್ತೂ ಮಲಗಲು ಬಿಡದ್ದು ಅದು. ಬಾಯಿಗೆ ಸಂಶಯವಿತ್ತು ಅನ್ನಬಹುದು, ಕಾಲಿಗೆ ಇರಲಿಲ್ಲವಲ್ಲ. ಆಮೇಲೆ ಆ ಸದ್ದು. ಆಸ್ಪತ್ರೆಯಲ್ಲಿ ಅಬೂಬಕ್ಕರ್ ಅವನ ಎರಡೂ ತೋಳು ಹಿಡಿದು, “ಯಾರೂ ಹೇಳಲಿಲ್ವಾ ಅವನಿಗೆ, ಫ್ರೆಡ್ಡಿಯಣ್ಣ? ಯಾರೂ ಕೂಗಲಿಲ್ವಾ?” ಎಂದು ಅಲುಗಿಸಿದಾಗ, “ಕೂಗಿದೆ, ಗಾಳಿಯಲ್ಲಿ ಕೇಳಲಿಲ್ಲ,” ಎಂಬ ಮಾತು ಎಷ್ಟು ಸುಲಭವಾಗಿ ಬಂತು! ಪೊಲೀಸರಿಗೂ ಅದನ್ನೇ ಹೇಳಿದ. ಸೂಸನ್‌ಗೂ ಅದನ್ನೇ.

“ಇಲ್ಲೇ,” ಎಂದ ಫ್ರೆಡ್ರಿಕ್.

ಯಾವ ಗುರುತೂ ಇಲ್ಲದ ಒಂದು ಜಾಗ. ಆದ್ದರಿಂದಲೇ ಆರಿಸಿಕೊಂಡ. ಹತ್ತಿರದಲ್ಲಿ ಯಾರದೋ ಕಿತ್ತ ಡೇರೆಯ ಗೂಟದ ಗುಂಡಿಗಳು, ಒಲೆಯ ಬೂದಿ. ಇಷ್ಟು ಜನ ಓಡಾಡಿದ ಕಡೆ ಭಯಪಡುವಂಥದ್ದು ಏನೂ ಇರಲಾರದು ಎಂದೂ ಯೋಚಿಸಿದ್ದ. ಆಚುಮ್ಮ ಇಳಿದಳು. ಚಪ್ಪಲಿ ಬಿಚ್ಚಿ ಜೀಪಿನ ಪಕ್ಕ ಇಟ್ಟು ಬರಿಗಾಲಿನಲ್ಲಿ ನಡೆದಳು. ಗಾಳಿಗೆ ಬುರ್ಖಾ ಉಬ್ಬಿ ಆಕೆ ಇದ್ದದ್ದಕ್ಕಿಂತ ದಪ್ಪಗೆ ಕಂಡಳು. ಅಬೂಬಕ್ಕರ್ ಜೊತೆಗೆ ಹೋಗಲು ನೋಡಿದ, ಬೇಡ ಎಂದು ಕೈ ಮಾಡಿದಳು; ಅವನು ಕಣ್ಣಿಗೆ ಬಿದ್ದ ಮರಳು ಒರೆಸಿಕೊಳ್ಳುತ್ತ ಜೀಪಿನೊಳಗೆ ಕೂತು ಗಾಜು ಏರಿಸಿದ. ಆಚುಮ್ಮ ದೂರ ಹೋಗಿ, ಅವರಿಗೆ ಬೆನ್ನು ಹಾಕಿ ಕೂತು, ಎರಡೂ ಅಂಗೈ ಎತ್ತಿದಳು. ಸುಳ್ಳು ಜಾಗದಲ್ಲಿ ನಿಜವಾದ ಪ್ರಾರ್ಥನೆ. ಫ್ರೆಡ್ರಿಕ್‌ಗೆ ನಾಚಿಕೆಯಿಂದ ಮೈ ಬೆವರಿತು. ಆದರೂ ಮುಗಿಯಿತಲ್ಲ, ಇನ್ನು ವಾಪಸ್ ಹೋಗುವುದೊಂದೇ, ಮುಂದಿನ ವಾರ ವಿಮಾನ ಹತ್ತುತ್ತಾಳೆ ಎಂಬ ನೆಮ್ಮದಿ ಆ ನಾಚಿಕೆಯ ಅಡಿಯಲ್ಲೇ ಮೆಲ್ಲಗೆ ತಲೆ ಎತ್ತಿತು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡ. ಆಚುಮ್ಮ ಮುಖ ಸವರಿಕೊಂಡು ಏಳಲು ಕೈ ಊರಿದವಳು ಏಳದೆ ಹಾಗೆಯೇ ಕೂತಳು. ಪಕ್ಕಕ್ಕೆ ಬಗ್ಗಿ ನೆಲ ನೋಡಿದಳು. ಅಲ್ಲಿ ಬಿರುಕಿರಬೇಕು. ಆಕೆಯ ಬೆರಳು ಮರಳಿನೊಳಗೆ ಹೋಯಿತು, ಕಲಿತ ಕೈ, ಅವಸರವಿಲ್ಲದೆ, ಮತ್ತೆ ಏನೋ ಉರುಟಾದದ್ದು ಮೇಲೆ ಬಂತು.

ಕೂಗಿದ್ದು ತಾನು ಎಂದು ಫ್ರೆಡ್ರಿಕ್‌ಗೆ ಆಮೇಲೆ ಗೊತ್ತಾಯಿತು. ಕೊಂಕಣಿಯೋ ತುಳುವೋ, ಏನು ಮಾತು ಬಂತೋ ತಿಳಿಯದು. ಚಹಾ ಪ್ಯಾಂಟಿನ ಮೇಲೆ ಚೆಲ್ಲಿತ್ತು. ಬೋಳು ನೆಲದ ಮೇಲೆ ಆ ಕೂಗು ಎಲ್ಲಿಯೂ ತಡೆಯದೆ ಹೋಯಿತು. ಸಪೂರವಾಗಿಯೇ ಇತ್ತು, ಹೆಂಗಸರ ಕೂಗಿನ ಹಾಗೆಯೇ. ಗಾಜು ಏರಿಸಿದ್ದ ಜೀಪಿನಿಂದ ಅಬೂಬಕ್ಕರ್ ಹೊರಗೆ ಹಾರಿದ. ಅಷ್ಟು ದೂರದಲ್ಲಿ, ಬೆನ್ನು ಹಾಕಿ, ಗಾಳಿಯಲ್ಲಿ ಕೂತಿದ್ದ ಆಚುಮ್ಮ ಬೆಚ್ಚಿ ಕೈಯಲ್ಲಿದ್ದದ್ದನ್ನು ಬಿಟ್ಟು ತಿರುಗಿ ನೋಡಿದಳು.

ಆಕೆ ಅದನ್ನು ಮತ್ತೆ ಎತ್ತಿಕೊಂಡಳು. ಉಗುರಿನಿಂದ ಮಣ್ಣು ಕೆರೆದು ಮೂಸಿದಳು. ನಡೆದು ಬಂದು ಅವನ ಮುಂದೆ ಹಿಡಿದಳು. “ಕಲ್ಲಣಬೆಯೇ,” ಅಂದಳು. “ಜಾತಿ ಬೇರೆ, ಅಷ್ಟೆ.” ಆಮೇಲೆ ಅವನ ಮುಖವನ್ನೇ ನೋಡುತ್ತ ನಿಂತಳು. ಏನನ್ನೋ ಕೂಡಿಸಿ ನೋಡುತ್ತಿರುವವಳ ಹಾಗೆ ಆಕೆಯ ಹುಬ್ಬು ಹತ್ತಿರ ಬಂತು. ಬಲಗಿವಿಯನ್ನು ಬಟ್ಟೆಯ ಮೇಲಿನಿಂದಲೇ ಮುಟ್ಟಿಕೊಂಡಳು.

“ನನಗೆ ಕೇಳಿತು,” ಅಂದಳು.

ಫ್ರೆಡ್ರಿಕ್ ಚೆಲ್ಲಿದ ಚಹಾ ಒರೆಸಿಕೊಳ್ಳತೊಡಗಿದ.

“ಈ ಕಿವಿಗೆ ಕೇಳಿತಲ್ಲ, ಪೊರ್ಬುಗಳೇ.”

ಜೀಪು ಬಂದ ದಾರಿಯಲ್ಲೇ ತಿರುಗಿತು. ಒಂದೆರಡು ಸಲ ಅಬೂಬಕ್ಕರ್, “ಎಂತ ಆಯ್ತು ಫ್ರೆಡ್ಡಿಯಣ್ಣ, ಹೆದರಿದ್ರಾ?” ಎಂದು ಕೇಳಿ, ಮತ್ತೆ ತಾನೇ, “ಹೆದರದೆ ಇರ್ತದಾ, ಅಷ್ಟು ನೋಡಿದವರು,” ಎಂದು ಸಮಾಧಾನ ಹೇಳಿದ. ಆ ಒಳ್ಳೆಯತನವನ್ನು ಸಹಿಸುವುದು ಕಷ್ಟವಾಗಿತ್ತು. ಟ್ಯಾಂಕರು ಕಾಣಿಸಿಕೊಂಡಾಗ ಆಚುಮ್ಮ ಮಗನ ಬೆನ್ನು ತಟ್ಟಿದಳು. “ಅಲ್ಲಿ ನಿಲ್ಲಿಸು ಅಬೂ.”

“ಅಲ್ಲಿ ಎಂತ ಉಂಟು ಉಮ್ಮ?”

“ಬರುವಾಗ ಅಲ್ಲಿ ಪೊರ್ಬುಗಳು ಕಣ್ಣು ಮುಚ್ಚಿಕೊಂಡರು. ನಾನು ಕನ್ನಡಿಯಲ್ಲಿ ನೋಡಿದೆ.”

ಅಬೂಬಕ್ಕರ್ ಫ್ರೆಡ್ರಿಕ್‌ನ ಕಡೆ ತಿರುಗಿದ. ಜೀಪು ನಿಂತದ್ದೇ ಫ್ರೆಡ್ರಿಕ್ ಇಳಿದುಬಿಟ್ಟ, ಕಾಲಿಗೆ ಈ ಸಲವೂ ದಾರಿ ಗೊತ್ತಿತ್ತು. ದಿಬ್ಬದ ಅಂಚಿಗೆ, ಆಚೆಯ ಕಂಬಗಳು ಕಾಣುವಲ್ಲಿಗೆ ಬಂದಾಗ ಆಚುಮ್ಮ, “ಅವನು ಎಲ್ಲಿ?” ಎಂದು ಕೇಳಿದಳು. ಅವನು ಕೈಯೆತ್ತಿ ಕಂಬಗಳ ನಡುವಿನ ನೆಲ ತೋರಿಸಿದ. “ನೀವು?” ಅದಕ್ಕೂ ಅವನ ಕೈಯೇ ಉತ್ತರ ಕೊಟ್ಟಿತು, ದಿಬ್ಬದ ಈಚೆಯ ಬದಿ, ಈಗ ಇಬ್ಬರೂ ನಿಂತಿದ್ದ ಜಾಗ. ಆಕೆ ನಡುವಿನ ಅಂತರವನ್ನು ನೋಡಿದಳು. ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಯಷ್ಟಿತ್ತು. ಊಟಕ್ಕೆ ಕರೆದರೆ ಕೇಳುವಷ್ಟು. ಆಕೆ ಮತ್ತೆ ಚಪ್ಪಲಿ ಬಿಚ್ಚಿ, ಕಂಬಗಳ ನಡುವೆ ಹೋಗಿ, ಅವನಿಗೆ ಬೆನ್ನು ಹಾಕಿ ನಿಂತಳು.

“ಈಗ ಕೂಗಿ ಪೊರ್ಬುಗಳೇ,” ಅಂದಳು, ತಿರುಗದೆ. “ಅವತ್ತು ಹೇಗೆ ಕೂಗಿದಿರೋ ಹಾಗೆ. ಹೆಚ್ಚೂ ಬೇಡ, ಕಡಿಮೆಯೂ ಬೇಡ.”

ಗಾಳಿ ಬೀಸುತ್ತಿತ್ತು. ಕೂಗುವುದು ಏನೂ ಕಷ್ಟವಿರಲಿಲ್ಲ. ಗಂಟಲು ತೆರೆದೇ ಇತ್ತು, ಹೆಸರು ನಾಲಗೆಯ ಮೇಲೆಯೇ ಇತ್ತು, ಈಗ ಕೂಗಿದರೆ ಆಕೆ ಎಲ್ಲವನ್ನೂ ನಂಬಿಬಿಡಬಹುದಿತ್ತು. ನಂಬಬೇಕೆಂದೇ ಆಕೆ ನಿಂತಿದ್ದಾಳೆ ಎಂದೂ ಅನ್ನಿಸಿತು. ಅವನು ಗಾಳಿಗೆ ಬುರ್ಖಾ ಸರಿದು ಕಂಡ ಆ ಬಿಳಿಯ ತಲೆಬಟ್ಟೆಯನ್ನು ನೋಡಿದ, ಆಕೆಯ ಬರಿಗಾಲನ್ನು ನೋಡಿದ. ಬಾಯಿ ತೆರೆದ. ಉಗುಳು ನುಂಗಿದ. ಅವತ್ತಿನ ಹಾಗೆಯೇ ನಿಂತ. ಆಚುಮ್ಮ ಕಾದಳು. ಒಂದು ಸಲ ತಲೆ ವಾಲಿಸಿ ಬಲಗಿವಿಯನ್ನು ಅವನ ಕಡೆ ಮಾಡಿದಳು. ಹಾಗೆಯೇ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಆಕೆಯ ಹೆಗಲು ನಿಧಾನವಾಗಿ ಕೆಳಗಿಳಿಯಿತು.

ತಿರುಗಿ ಬಂದಾಗ ಆಕೆ ಅಳುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವನ ಮುಂದೆ ನಿಂತಳು.

“ನನಗೂ ಕೇಳಲಿಲ್ಲ,” ಅಂದಳು.

ಬುರ್ಖಾದ ಜೇಬಿನಿಂದ ಆ ಕಲ್ಲಣಬೆ ತೆಗೆದು ಅವನ ಕೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿ, ಮಗನ ಕಡೆ ನಡೆದಳು. ಜೀಪಿನಲ್ಲಿ ಕೂತ ಮೇಲೆ ಅಬೂಬಕ್ಕರ್ ಏನು ಎಂದು ಕೇಳಿದ್ದಕ್ಕೆ ಆಕೆ ತನ್ನ ಭಾಷೆಯಲ್ಲಿ ಏನೋ ಸಣ್ಣದಾಗಿ ಹೇಳಿದಳು. ಅವನು ಇನ್ನು ಫ್ರೆಡ್ರಿಕ್‌ನ ಭುಜ ಒತ್ತಲಿಲ್ಲ. ರಸ್ತೆ ಇಳಿಯುತ್ತ ಹೋಯಿತು, ಚಳಿ ಕಡಿಮೆಯಾಯಿತು, ಡೇರೆಗಳು ಬಂದವು. ಫಿಂಟಾಸ್ ತಲುಪುವವರೆಗೂ ಫ್ರೆಡ್ರಿಕ್‌ಗೆ ಕೈಯಲ್ಲಿದ್ದದ್ದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.